ಗುರಿಕೋವಿಯ ನಳಿಗೆಯ ಕಂಪನ



ಐವತ್ತು ಮೀಟರುಗಳಾಚೆ ನಿಲ್ಲಿಸಿದ ಒಂದು ಗುರಿಹಲಗೆ. ಅದರ ನಟ್ಟನಡುವೆ 10.4 ಮಿಲಿಮೀಟರು ವ್ಯಾಸವುಳ್ಳ ಹತ್ತು ಅಂಕಗಳ ವೃತ್ತ. ಆ ವೃತ್ತದೊಳಗೆ ಅರುವತ್ತು ಗುಂಡುಗಳನ್ನೂ ಒಂದೊಂದಾಗಿ ಇಳಿಸಬೇಕೆಂಬ ಸಂಕಲ್ಪದಿಂದ ಉಸಿರನ್ನು ತಡೆದು, ತೋಳಿಗೆ ಬಿಗಿದ ಪಟ್ಟಿಯ ಆಧಾರದಲ್ಲಿ ಕೋವಿಯನ್ನು ನಿಶ್ಚಲವಾಗಿ ಹಿಡಿದು, ಬೆರಳ ತುದಿಯಿಂದ ಟ್ರಿಗರನ್ನು ಸೋಕುವ ಸ್ಪರ್ಧಿ: ಇದು ಇಂದು ಜಗತ್ತಿನಾದ್ಯಂತ ನಡೆಯುವ ಸಣ್ಣಕೋವಿಯ ಗುರಿಸ್ಪರ್ಧೆಯ ಸ್ವರೂಪ. 2010ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಮ್ಮ ನೆರೆಯ ಕೊಲ್ಲಾಪುರದ ತೇಜಸ್ವಿನಿ ಸಾವಂತರು ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ಆರುನೂರಕ್ಕೆ 597 ಅಂಕಗಳನ್ನು ಗಳಿಸಿ, ವಿಶ್ವದಾಖಲೆಯನ್ನು ಸರಿಗಟ್ಟಿ, ವಿಶ್ವವಿಜೇತೆಯೆನಿಸಿದರು. ಅರುವತ್ತು ಗುಂಡುಗಳಲ್ಲಿ ಅವರು ಕಳೆದುಕೊಂಡುದು ಮೂರೇ ಅಂಕ. ಈಚಿನ ಪದ್ಧತಿಯಲ್ಲಿ ಒಂದೊಂದು ಅಂಕವನ್ನೂ ಮತ್ತೆ ಹತ್ತು ಪಾಲು ಮಾಡಿ, ಕೇಂದ್ರಬಿಂದುವಿಗೆ ಬಿದ್ದ ಗುಂಡಿಗೆ 10.9 ಕೊಡುವುದುಂಟು. ಹಾಗೆ ಎಣಿಸಿದಾಗ ಕೇಂದ್ರದಿಂದ ಸರಿದ ಪ್ರತಿ 0.8 ಮಿಲಿಮೀಟರಿಗೂ ಒಂದು ದಶಾಂಶ ಅಂಕ ಕೈಬಿಡುತ್ತದೆ. ಇಷ್ಟು ಸೂಕ್ಷ್ಮವಾದ ಲೆಕ್ಕದ ಮುಂದೆ ಮನುಷ್ಯನ ಸ್ಥೈರ್ಯವೊಂದೇ ಸಾಲದು. ಅವನು ಕೈಯಲ್ಲಿ ಹಿಡಿದ ಲೋಹವೂ ಅವನಷ್ಟೇ ಸ್ಥಿರಬುದ್ಧಿಯಿಂದ ನಡೆದುಕೊಳ್ಳಬೇಕು. ಆ ಲೋಹದ, ಅದರಲ್ಲಿಯೂ ಕೋವಿಯ ನಳಿಗೆಯ ನಡವಳಿಕೆಯನ್ನೂ, ಅದನ್ನು ತಿದ್ದುವುದಕ್ಕಾಗಿ ನಳಿಗೆಯ ಬಾಯಿಗೆ ತೊಡಿಸುವ ತೂಕ, ಬಳೆ, ಕೊಳವೆಗಳನ್ನೂ ಕುರಿತು ಇಂದು ನಿಮ್ಮೊಡನೆ ಕೆಲವು ಮಾತುಗಳನ್ನಾಡಬಯಸುತ್ತೇನೆ.

ಮೊದಲು ತೋಟಾದ ವಿಚಾರ. ಈ ಸ್ಪರ್ಧೆಗಳಲ್ಲಿ ಬಳಸುವುದು 1887ರಲ್ಲಿ ಅಮೆರಿಕದ ಸ್ಟೀವನ್ಸ್ ಸಂಸ್ಥೆಯವರು ರೂಪಿಸಿದ .22 ಲಾಂಗ್ ರೈಫಲ್ ಎಂಬ ತೋಟಾ. ದೊಡ್ಡ ರೈಫಲುಗಳ ತೋಟಾದಲ್ಲಿ ಕಿಡಿ ಹೊತ್ತಿಸುವ ಕೇಪು ತಳದ ಮಧ್ಯದಲ್ಲಿ ಪ್ರತ್ಯೇಕವಾಗಿ ಕುಳಿತಿರುತ್ತದೆಯಷ್ಟೆ, ಇದರಲ್ಲಿ ಹಾಗಲ್ಲ. ಹಿತ್ತಾಳೆಯ ಕೊಪ್ಪರಿಗೆಯಂಥ ಆ ಸಣ್ಣ ಚಿಪ್ಪಿನ ತಳದಂಚು ಹೊರಕ್ಕೆ ಮಡಚಿಕೊಂಡು ಒಳಗೆ ಟೊಳ್ಳಾಗಿರುತ್ತದೆ. ಕಿಡಿಮದ್ದನ್ನು ಒದ್ದೆಯಾಗಿರುವಾಗಲೇ ಒಳಗೆ ಹಾಕಿ, ಚಿಪ್ಪನ್ನು ವೇಗವಾಗಿ ತಿರುಗಿಸಿ, ಆ ಟೊಳ್ಳಂಚಿನೊಳಕ್ಕೆ ಹರಡುವಂತೆ ಮಾಡುತ್ತಾರೆ. ಕೋವಿಯ ಸೂಜಿ ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಂಡು, ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು ತೂಗುವ ಸೀಸದ ಗುಂಡು ಹೊರಡುತ್ತದೆ. ಕಿಡಿಮದ್ದು ಅಂಚಿನ ಸುತ್ತ ಸಮವಾಗಿ ಹರಡಿದೆಯೆ, ಅಂಚಿನ ದಪ್ಪ ಒಂದೇ ಆಗಿದೆಯೆ, ಗುಂಡಿಗೆ ಬಳಿದ ಮೇಣ ಏಕರೀತಿಯಾಗಿದೆಯೆ ಎಂಬುವೆಲ್ಲ ಆ ಗುಂಡಿನ ವೇಗವನ್ನು ನಿರ್ಣಯಿಸುವುವು. ದೊಡ್ಡ ರೈಫಲಿನವನು ತನ್ನ ತೋಟಾಗಳನ್ನು ತಾನೇ ತೂಗಿ ಅಳೆದು ತುಂಬಿಕೊಳ್ಳಬಲ್ಲ. ಸಣ್ಣಕೋವಿಯವನಿಗೆ ಆ ಸ್ವಾತಂತ್ರ್ಯವಿಲ್ಲ. ಕಾರ್ಖಾನೆ ಕೊಟ್ಟುದನ್ನು ಅವನು ಕೊಟ್ಟಂತೆಯೇ ಸ್ವೀಕರಿಸಬೇಕು. ತೋಟಾವನ್ನು ಕೋವಿಗೆ ಹೊಂದಿಸಲಾರದವನು ಕೋವಿಯನ್ನೇ ತೋಟಾಕ್ಕೆ ಹೊಂದಿಸಲು ಹೊರಟುದರಲ್ಲಿ ಆಶ್ಚರ್ಯವೇನಿದೆ?

ಈ ಗುಂಡು ನಳಿಗೆಯ ಬಾಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 325 ಮೀಟರು. ಶಬ್ದದ ವೇಗಕ್ಕಿಂತ ಇದು ಕಡಿಮೆ. ಬೇಕೆಂದೇ ಹಾಗೆ ಇಟ್ಟಿರುವುದು. ಶಬ್ದದ ವೇಗವನ್ನು ದಾಟಿದ ಗುಂಡು ದಾರಿಯಲ್ಲಿ ನಿಧಾನಗೊಂಡು ಮತ್ತೆ ಆ ಎಲ್ಲೆಯನ್ನು ಇಳಿದು ಬರುವಾಗ ಅದರ ಗತಿ ಕದಡುತ್ತದೆ. ಐವತ್ತು ಮೀಟರನ್ನು ಕ್ರಮಿಸಲು ಈ ಗುಂಡಿಗೆ ಸೆಕೆಂಡಿನ ಆರನೆಯ ಒಂದು ಪಾಲಿನಷ್ಟು ಕಾಲ ಬೇಕು. ಆ ಕಾಲದಲ್ಲಿ ಭೂಮಿಯ ಆಕರ್ಷಣೆಯಿಂದ ಅದು ಹನ್ನೆರಡೂವರೆ ಸೆಂಟಿಮೀಟರಿನಷ್ಟು ಕೆಳಕ್ಕೆ ಬೀಳುತ್ತದೆ. ಈ ಪತನ ಪ್ರತಿ ಸಲವೂ ಒಂದೇ ಆಗಿದ್ದರೆ ಸೈಟನ್ನು ಅಷ್ಟು ಮೇಲಕ್ಕೆ ತಿರುಗಿಸಿಟ್ಟು ನಿಶ್ಚಿಂತರಾಗಬಹುದಿತ್ತು. ಆದರೆ ವೇಗ ನೂರಕ್ಕೊಂದು ಪಾಲು ಕಡಿಮೆಯಾದರೆ ಪತನ ನೂರಕ್ಕೆರಡು ಪಾಲು, ಎಂದರೆ ಎರಡೂವರೆ ಮಿಲಿಮೀಟರು, ಹೆಚ್ಚುತ್ತದೆ. ಒಳ್ಳೆಯ ತೋಟಾಗಳ ಒಂದೇ ಪೆಟ್ಟಿಗೆಯಲ್ಲಿಯೂ ಅತಿ ವೇಗದ ಗುಂಡಿಗೂ ಅತಿ ನಿಧಾನದ ಗುಂಡಿಗೂ ಸೆಕೆಂಡಿಗೆ ಹತ್ತು ಮೀಟರುಗಳ ಅಂತರ ಕಾಣುವುದು ಅಪರೂಪವಲ್ಲ. ಹಾಗಾದರೆ ಸ್ಪರ್ಧಿಯ ಕೈ ಎಳ್ಳಷ್ಟೂ ಅಲುಗದಿದ್ದರೂ, ಗಾಳಿ ಪೂರ್ತಿಯಾಗಿ ನಿಂತಿದ್ದರೂ, ಗುಂಡುಗಳು ಹಲಗೆಯ ಮೇಲೆ ಮೇಲಿನಿಂದ ಕೆಳಕ್ಕೆ ಏಳೂವರೆ ಮಿಲಿಮೀಟರುಗಳಷ್ಟು ಚೆದರಲೇಬೇಕೆಂದಾಯಿತು. ಅತ್ಯುತ್ತಮ ಕೋವಿ ಹೀಗೆ ಚೆದರಿಸುವುದಿಲ್ಲವೆಂಬುದು ಅನುಭವದ ಮಾತು. ಗಣಿತ ಹೇಳುವುದಕ್ಕಿಂತ ಕೋವಿ ಚೆನ್ನಾಗಿ ಹೊಡೆಯುತ್ತದೆಂದರೆ, ನಮ್ಮ ಗಣಿತದಲ್ಲಿ ಯಾವುದೋ ಒಂದು ಅಂಶ ಬಿಟ್ಟುಹೋಗಿರಬೇಕು. ಬಿಟ್ಟುಹೋದುದು ನಳಿಗೆಯ ಚಲನೆ.

ಉಕ್ಕಿನ ದಪ್ಪ ಸಲಾಕೆಯಂತೆ ಕಾಣುವ ನಳಿಗೆ ನಿಜವಾಗಿ ನಿಶ್ಚಲವಾದ ವಸ್ತುವಲ್ಲ. ಸೂಜಿ ಬಿಡುಗಡೆಯಾಗಿ ಮುಂದಕ್ಕೆ ಚಿಮ್ಮಿದ ಕ್ಷಣದಿಂದಲೇ ಕೋವಿಯ ಮೈಯಲ್ಲಿ ಸಂಚಲನ ಮೊದಲಾಗುತ್ತದೆ. ಮದ್ದು ಸಿಡಿದಾಗ ಹಿಮ್ಮೆಟ್ಟುವ ಬಲ ನಳಿಗೆಯ ಅಕ್ಷದ ಗುಂಟ ಹಿಂದಕ್ಕೆ ಬರುತ್ತದೆ. ಕೋವಿಯ ಗುರುತ್ವಕೇಂದ್ರ ಆ ಅಕ್ಷಕ್ಕಿಂತ ಕೆಳಗಿರುವುದರಿಂದ ಆ ಬಲ ಕೋವಿಯನ್ನು ಮೇಲಕ್ಕೆ ತಿರುಗಿಸಲೆತ್ನಿಸುತ್ತದೆ. ನಳಿಗೆ ಬಾಗುತ್ತದೆ, ಬಾಗಿ ನಡುಗುತ್ತದೆ. ಈ ವಿಷಯ ಹೊಸದಲ್ಲ. ಇಂಗ್ಲೆಂಡಿನ ಎ. ಮ್ಯಾಲಕ್ ಎಂಬ ವಿಜ್ಞಾನಿ 1901ರಲ್ಲಿಯೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ರೈಫಲ್ ನಳಿಗೆಗಳ ಕಂಪನವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದೇ ಸುಮಾರಿನಲ್ಲಿ ಜರ್ಮನಿಯಲ್ಲಿ ಕ್ರಾಂಜ್ ಮತ್ತು ಕೋಖ್ ಎಂಬುವರೂ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ಸುಮಾರು 66 ಸೆಂಟಿಮೀಟರು ಉದ್ದವೂ 22 ಮಿಲಿಮೀಟರು ದಪ್ಪವೂ ಉಳ್ಳ ಗುರಿಕೋವಿಯ ನಳಿಗೆಯನ್ನು ಹಿಂತುದಿಯಲ್ಲಿ ಭದ್ರವಾಗಿ ಬಿಗಿದಂತೆ ಭಾವಿಸಿ ಲೆಕ್ಕ ಹಾಕಿದರೆ, ಅದರ ಮೂಲಕಂಪನ ಸೆಕೆಂಡಿಗೆ ಮೂವತ್ತೈದರ ಸುಮಾರಿಗೆ ಬರುತ್ತದೆ. ಅದರ ಮೇಲಣ ಕಂಪನಗಳು ಇನ್ನೂರು, ಆರುನೂರು ಹೀಗೆ ಏರುತ್ತಾ ಹೋಗುವುವು. ಗುಂಡು ನಳಿಗೆಯೊಳಗೆ ಇರುವ ಕಾಲವಾದರೋ ಸೆಕೆಂಡಿನ ಸಾವಿರದಲ್ಲಿ ಎರಡೂವರೆ ಅಥವಾ ಮೂರು ಪಾಲು ಮಾತ್ರ. ಎಂದಮೇಲೆ ಮೂಲಕಂಪನದ ಒಂದು ಆವರ್ತದಲ್ಲಿ ಹತ್ತನೆಯ ಒಂದು ಭಾಗ ಕಳೆಯುವಷ್ಟರಲ್ಲಿಯೇ ಗುಂಡು ಹೊರಟುಹೋಗಿರುತ್ತದೆ. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ; ಮುಂದೆ ಕೆಲವು ಉಪಕರಣಗಳ ಯೋಗ್ಯತೆಯನ್ನು ತೂಗುವಾಗ ಇದು ಬೇಕಾಗುತ್ತದೆ.

ಗುಂಡು ಹೊರಬೀಳುವ ಕ್ಷಣದಲ್ಲಿ ನಳಿಗೆಯ ಬಾಯಿ ಮೇಲಕ್ಕೇಳುತ್ತಿದೆಯೆಂದು ಭಾವಿಸಿ. ವೇಗದ ಗುಂಡು ಬೇಗ ಹೊರಡುತ್ತದೆ. ಆಗ ಬಾಯಿ ಇನ್ನೂ ತುಸು ಕೆಳಗೆ ನೋಡುತ್ತಿರುತ್ತದೆ. ನಿಧಾನದ ಗುಂಡು ತಡವಾಗಿ ಹೊರಡುತ್ತದೆ. ಅಷ್ಟರಲ್ಲಿ ಬಾಯಿ ತುಸು ಮೇಲಕ್ಕೆ ಬಂದಿರುತ್ತದೆ. ದಾರಿಯಲ್ಲಿ ಹೆಚ್ಚು ಬೀಳಲಿರುವ ಗುಂಡಿಗೆ ಹೊರಡುವಾಗಲೇ ಹೆಚ್ಚಿನ ಏರು ದೊರಕಿತು. ಕಡಿಮೆ ಬೀಳುವುದಕ್ಕೆ ಕಡಿಮೆ ದೊರಕಿತು. ಎರಡೂ ಹಲಗೆಯ ಮೇಲೆ ಒಂದೇ ಎತ್ತರದಲ್ಲಿ ಸಂಧಿಸಿದುವು. ವೇಗ ನೂರಕ್ಕೊಂದು ಪಾಲು ಕಡಿಮೆಯಾದ ಗುಂಡು ನಳಿಗೆಯಿಂದ ಹೊರಡುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಇಪ್ಪತ್ತೈದು ಮೂವತ್ತು ಪಾಲು ತಡವಾಗಿ. ಆ ಕಣ್ಣಿಗೆ ನಿಲುಕದ ಕಾಲದಲ್ಲಿ ನಳಿಗೆಯ ಬಾಯಿ ಮೀಟರಿಗೆ ಇಪ್ಪತ್ತು ಸಾವಿರದ ಒಂದು ಪಾಲಿನಷ್ಟು ಮಾತ್ರ ಮೇಲಕ್ಕೆ ಓರೆಯಾದರೆ ಐವತ್ತು ಮೀಟರಿನಲ್ಲಿ ಲೆಕ್ಕ ಸರಿಹೋಗುತ್ತದೆ. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಕೋವಿಗಳು ಹತ್ತಿರದ ಗುರಿಗಿಂತ ಸಾವಿರ ಗಜದಂಥ ದೂರದ ಗುರಿಗಳಲ್ಲಿ ನಿರೀಕ್ಷೆಗೆ ಮೀರಿ ಚೆನ್ನಾಗಿ ಹೊಡೆಯುತ್ತಿದ್ದುವೆಂಬುದನ್ನು ಇಂಗ್ಲೆಂಡಿನ ಬಿಸ್ಲಿ ಎಂಬ ಗುರಿಮೈದಾನದ ಸ್ಪರ್ಧಿಗಳು ಬಹುಕಾಲದಿಂದ ಬಲ್ಲರು. ಅದಕ್ಕೆ ಅವರು ಕೊಡುತ್ತಿದ್ದ ಕಾರಣವೂ ಇದೇ. ಆದರೆ ಅಲ್ಲಿ ಅದು ಕೋವಿಯ ರಚನೆಯಿಂದ ತಾನಾಗಿ ಒದಗಿದ ಭಾಗ್ಯ. ಆ ಭಾಗ್ಯವನ್ನು ಬೇಕಾದ ದೂರಕ್ಕೆ, ಬೇಕಾದ ತೋಟಾಕ್ಕೆ, ಪ್ರಯತ್ನದಿಂದ ಸಂಪಾದಿಸುವುದು ಹೇಗೆ?

ಮೃದಂಗದ ಎಡಮುಚ್ಚಿಗೆಗೆ ಕಛೇರಿಗೆ ಮುನ್ನ ರವೆಯನ್ನು ಕಲಸಿ ಹಚ್ಚುವುದನ್ನು ನೀವೆಲ್ಲ ನೋಡಿದ್ದೀರಿ. ಚರ್ಮದ ಮೇಲೆ ತೂಕ ಕೂಡಿದಾಗ ಅದರ ಕಂಪನ ನಿಧಾನವಾಗಿ, ನಾದ ತಗ್ಗುತ್ತದೆ. ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬೇಕು ಎಂಬುದರಲ್ಲಿ ವಿದ್ವಾಂಸನ ಕೈಗುಣವಿದೆ. ನಳಿಗೆಯ ಬಾಯಿಗೆ ತಿರುಪಿನಿಂದ ಕೂಡಿಸುವ ಟ್ಯೂನರ್ ಎಂಬ ಉಪಕರಣ ಮಾಡುವ ಕೆಲಸವೂ ಅದೇ. ಅದು ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ ಒಂದು ಬಳೆ. ನೂರರಿಂದ ಇನ್ನೂರು ಮುನ್ನೂರು ಗ್ರಾಮು ತೂಗಬಹುದು. ಅದರ ಮೈಮೇಲೆ ಅಂಕಿಗಳ ಗೆರೆಗಳಿರುತ್ತವೆ. ತಿರುಗಿಸಿದಂತೆಲ್ಲ ತೂಕವು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಸರಿಯಾದ ಗೆರೆ ದೊರೆತಮೇಲೆ ಬಿಗಿಮೊಳೆಯಿಂದ ಅದನ್ನು ನಿಲ್ಲಿಸತಕ್ಕದ್ದು. ಮೇಲೆ ಹೇಳಿದ ನಳಿಗೆಯ ಬಾಯಿಗೆ ಇನ್ನೂರು ಗ್ರಾಮು ಕೂಡಿಸಿದರೆ ಅದರ ಮೂಲಕಂಪನ ಆರರಲ್ಲಿ ಒಂದು ಪಾಲಿನಷ್ಟು ನಿಧಾನವಾಗುವುದೆಂದು ಲೆಕ್ಕದಿಂದ ತಿಳಿಯುತ್ತದೆ. ಕಂಪನ ನಿಧಾನವಾದಂತೆ, ಗುಂಡು ಹೊರಡುವ ಕ್ಷಣ ಆ ಕಂಪನದ ಬೇರೊಂದು ಹಂತಕ್ಕೆ ಬೀಳುತ್ತದೆ. ತಿರುಪನ್ನು ತಿರುಗಿಸುವವನು ಹುಡುಕುವುದು ಆ ಹಂತವನ್ನು.

ಇಲ್ಲಿ ಎರಡು ಪಂಥಗಳಿವೆ. ಗುಂಡು ಹೊರಡುವ ಕ್ಷಣದಲ್ಲಿ ನಳಿಗೆಯ ಬಾಯನ್ನು ಸಾಧ್ಯವಾದಷ್ಟು ನಿಶ್ಚಲಗೊಳಿಸಬೇಕೆಂಬುದು ಒಂದು. ಬಾಯಿ ಹದವಾದ ವೇಗದಿಂದ ಮೇಲೇಳುತ್ತಿರುವಾಗ ಗುಂಡನ್ನು ಬಿಡಬೇಕೆಂಬುದು ಇನ್ನೊಂದು. ನಿಶ್ಚಲತೆಯ ಪಂಥ ಮನಸ್ಸಿಗೆ ಹೆಚ್ಚು ಪ್ರಿಯವಾಗಿ ತೋರಬಹುದು. ಆದರೆ ನಿಶ್ಚಲವಾದ ನಳಿಗೆ ವೇಗಭೇದದಿಂದ ಬರುವ ಏಳೂವರೆ ಮಿಲಿಮೀಟರನ್ನು ಹೇಗೆ ಅಳಿಸೀತು? ಸಣ್ಣಕೋವಿಯ ಮಟ್ಟಿಗೆ ಎರಡನೆಯ ಪಂಥವೇ ಯುಕ್ತವೆಂದು ನನ್ನ ದೃಢವಾದ ಅಭಿಪ್ರಾಯ. ಇದರಿಂದ ಹೊರಡುವ ಒಂದು ಫಲಿತಾಂಶವನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ನೂರು ಮೀಟರಿನಲ್ಲಿ ವೇಗಭೇದವನ್ನು ಸರಿದೂಗಿಸಲು ಬೇಕಾದ ಓರೆ ಐವತ್ತು ಮೀಟರಿನದರ ಇಮ್ಮಡಿ. ಆದುದರಿಂದ ಐವತ್ತು ಮೀಟರಿಗೆ ಹೊಂದಿಸಿದ ಟ್ಯೂನರು ನೂರು ಮೀಟರಿಗೆ ಹೊಂದಲಾರದು, ಬೇರೆ ಗೆರೆಯನ್ನೇ ಹುಡುಕಬೇಕು. ಎರಡು ದೂರಗಳಲ್ಲಿ ಹೊಡೆಯುವವರು ತಮ್ಮ ಟಿಪ್ಪಣಿಯಲ್ಲಿ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಇದಕ್ಕಾಗಿಯೆ.

ಇನ್ನುಳಿದ ಉಪಕರಣಗಳನ್ನು ಸಂಕ್ಷೇಪವಾಗಿ ನೋಡೋಣ. ನಳಿಗೆಯ ಬಾಯಿಯ ಮುಂದಕ್ಕೆ ತೆಳುಗೋಡೆಯ ಒಂದು ಕೊಳವೆಯನ್ನು ಕೂಡಿಸಿ, ಅದರ ತುದಿಯಲ್ಲಿ ಮುಂದಿನ ಸೈಟನ್ನು ನಿಲ್ಲಿಸುವುದುಂಟು. ಗುಂಡು ಆ ಕೊಳವೆಯ ಗೋಡೆಗೆ ಸೋಕದೆ ಹಾದುಹೋಗುತ್ತದೆ. ಇದರಿಂದ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಹೆಚ್ಚಿ, ಹಿಡಿಯುವ ಗುರಿಯ ತಪ್ಪು ಕಿರಿದಾಗುತ್ತದೆ. ಜೊತೆಗೆ ತೂಕವೂ ಬಾಯಿಯ ಮುಂದೆ ಕೂಡುವುದರಿಂದ ಕಂಪನವೂ ಬದಲಾಗುತ್ತದೆ. ಕೊಳವೆಯಾಗಲಿ ಟ್ಯೂನರಾಗಲಿ ನಳಿಗೆಯ ಅಕ್ಷಕ್ಕೆ ನೇರವಾಗಿರುವುದು ಅತ್ಯಾವಶ್ಯಕ. ಓರೆಯಾದರೆ ಗುಂಡು ಲೋಹಕ್ಕೆ ತಗುಲಿ ಅಪಾಯವಾದೀತು. ಬಾಯಿಗೆ ತಿರುಪು ಕೊರೆಯುವುದನ್ನು ನುರಿತ, ಪರವಾನಗಿ ಪಡೆದ ಕೋವಿ ಕೆಲಸದವರಿಗಲ್ಲದೆ ಬೇರೆಯವರಿಗೆ ಒಪ್ಪಿಸಕೂಡದು. ಅಂತರರಾಷ್ಟ್ರೀಯ ನಿಯಮವೂ ಈ ವಿಷಯದಲ್ಲಿ ಕಟ್ಟುನಿಟ್ಟು: ಐವತ್ತು ಮೀಟರಿನ ರೈಫಲು ಎಲ್ಲ ಸೇರಿ 8 ಕಿಲೋಗ್ರಾಮಿಗೆ ಮೀರಬಾರದು, ನಳಿಗೆಗೂ ಕೊಳವೆಗೂ ರಂಧ್ರಗಳನ್ನು ಕೊರೆಯಬಾರದು, ಹೊಗೆಯನ್ನು ಪಕ್ಕಕ್ಕೆ ತಿರುಗಿಸಿ ಒದೆತವನ್ನು ತಗ್ಗಿಸುವ ಉಪಾಯಗಳು ನಿಷಿದ್ಧ. ನಳಿಗೆಯ ಸುತ್ತ ತೊಡಿಸುವ ರಬ್ಬರಿನ ಬಳೆಗಳ ವಿಚಾರದಲ್ಲಿ ನನಗೆ ಹೆಚ್ಚಿನ ಆದರವಿಲ್ಲ. ರಬ್ಬರು ಕಂಪನವನ್ನು ಹೀರಿ ಅಡಗಿಸುವುದು ನಿಜವಾದರೂ, ಅಡಗಿಸಲು ಹಲವು ಆವರ್ತಗಳು ಬೇಕು. ಗುಂಡು ಹೊರಡುವುದು ಮೊದಲನೆಯ ಆವರ್ತದ ಹತ್ತನೆಯ ಭಾಗದಲ್ಲಿ. ಆದುದರಿಂದ ರಬ್ಬರು ಮಾಡುವ ಉಪಕಾರವೇನಿದ್ದರೂ ಅದರ ತೂಕದಿಂದಲೇ ಹೊರತು ಮೃದುತ್ವದಿಂದಲ್ಲ.

ತಿರುಪಿಗೆ ಕೈಹಚ್ಚುವ ಮುನ್ನ ಮಾಡತಕ್ಕ ಕೆಲಸ ಬೇಕಾದಷ್ಟಿದೆ. ಅವಸರದವರು ತಪ್ಪುವುದು ಇಲ್ಲಿಯೇ. ಕೋವಿಯ ಲೋಹಭಾಗ ಮರದ ಅಥವಾ ಅಲ್ಯೂಮಿನಿಯಮ್ಮಿನ ಹಿಡಿಯ ಮೇಲೆ ಕುಳಿತಿರುವ ಬಗೆ ಸಡಿಲವಾಗಿದ್ದರೆ ಪ್ರತಿ ಗುಂಡಿಗೂ ಕಂಪನ ಬೇರೆಯಾಗುತ್ತದೆ. ಹಿಡಿಗೆ ಬಿಗಿದ ಎರಡು ತಿರುಪುಮೊಳೆಗಳನ್ನು ಅಳತೆಯ ಚಾವಿಯಿಂದ ಪ್ರತಿ ಸಲವೂ ಅಷ್ಟೇ ಬಲಕ್ಕೆ ಬಿಗಿಯಬೇಕು. ನಳಿಗೆಗೂ ಹಿಡಿಗೂ ನಡುವೆ ಒಂದು ಕಾಗದದ ಚೂರು ತಡೆಯಿಲ್ಲದೆ ಹಾದುಹೋಗಬೇಕು. ನಳಿಗೆಯನ್ನು ತೊಳೆದ ಕೂಡಲೇ ಹೊಡೆದ ಗುಂಡುಗಳು ಅಲೆದಾಡುವುವು. ಗುಂಡುಗಳ ಮೇಣ ನಳಿಗೆಯ ಒಳಮೈಗೆ ಸಮವಾಗಿ ಹತ್ತಿಕೊಂಡಮೇಲೆ ಮಾತ್ರ ಅವು ಒಂದುಗೂಡುವುವು. ಎಲ್ಲಕ್ಕಿಂತ ಮಿಗಿಲಾಗಿ ತೋಟಾದ ಆಯ್ಕೆ. ಒಂದೇ ಹೆಸರಿನ, ಒಂದೇ ಬೆಲೆಯ ತೋಟಾಗಳಲ್ಲಿಯೂ ಒಂದು ದಿನ ತಯಾರಾದ ತಂಡ ಒಂದು ನಳಿಗೆಗೆ ಒಗ್ಗುತ್ತದೆ, ಮತ್ತೊಂದು ದಿನದ್ದು ಒಗ್ಗುವುದಿಲ್ಲ. ಇಂಗ್ಲೆಂಡಿನ ಈಲಿ, ಫಿನ್ಲೆಂಡಿನ ಲಾಪುವ ಮುಂತಾದ ಸಂಸ್ಥೆಗಳವರು, ಸ್ಪರ್ಧಿ ತನ್ನ ಕೋವಿಯನ್ನು ತಂದು ಬಿಗಿಯಂತ್ರದಲ್ಲಿ ಕಟ್ಟಿಸಿ ತಂಡತಂಡವಾಗಿ ತೋಟಾಗಳನ್ನು ಪರೀಕ್ಷಿಸಿ ಕೊಳ್ಳುವಂತೆ ಪ್ರತ್ಯೇಕ ಪರೀಕ್ಷಾಶಾಲೆಗಳನ್ನೇ ಇಟ್ಟಿದ್ದಾರೆ. ತೋಟಾದ ಆಯ್ಕೆ ಮೊದಲು, ಟ್ಯೂನರು ಅನಂತರ. ಈ ಕ್ರಮವನ್ನು ತಲೆಕೆಳಗು ಮಾಡಿದವನು ಕೆಟ್ಟ ತೋಟಾಕ್ಕೆ ಒಳ್ಳೆಯ ಗೆರೆಯನ್ನು ಹುಡುಕುತ್ತಾ ಹಣವನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾನೆ.

ಈಗ ಪರೀಕ್ಷೆಯ ಕ್ರಮ. ಸಾಮಾನ್ಯವಾಗಿ ಮಾಡುವುದೇನೆಂದರೆ, ಒಂದು ಗೆರೆಯಲ್ಲಿ ಐದು ಗುಂಡು ಹೊಡೆಯುವುದು, ತಿರುಪನ್ನು ಸ್ವಲ್ಪ ತಿರುಗಿಸಿ ಮತ್ತೆ ಐದು ಹೊಡೆಯುವುದು, ಅತಿ ಕಿರಿದಾದ ಗುಂಪು ಬಿದ್ದ ಗೆರೆಯನ್ನು ಶ್ರೇಷ್ಠವೆಂದು ನಿಶ್ಚಯಿಸುವುದು. ಇದರಂತೆ ಮೋಸಗೊಳಿಸುವ ವಿಧಾನ ಬೇರೊಂದಿಲ್ಲ. ಸರಾಸರಿ 12 ಮಿಲಿಮೀಟರಿನ ಗುಂಪು ಬೀಳಿಸುವ ಕೋವಿ, ತಿರುಪನ್ನು ಮುಟ್ಟದೆಯೆ, ಕೇವಲ ಆಕಸ್ಮಿಕದಿಂದ ಒಮ್ಮೆ 8 ಮಿಲಿಮೀಟರಿನ ಗುಂಪನ್ನೂ ಮತ್ತೊಮ್ಮೆ 16 ಮಿಲಿಮೀಟರಿನ ಗುಂಪನ್ನೂ ಬೀಳಿಸಬಲ್ಲುದು. ಐದು ಗುಂಡುಗಳ ಗುಂಪಿನ ಸ್ವಭಾವವೇ ಅಂಥದು. ಇಪ್ಪತ್ತು ಗೆರೆಗಳಲ್ಲಿ ಇಪ್ಪತ್ತು ಗುಂಪುಗಳನ್ನು ಹೊಡೆದವನಿಗೆ ಅವುಗಳಲ್ಲೊಂದು ಬಹು ಚೆನ್ನಾಗಿ ಕಂಡೇ ಕಾಣುತ್ತದೆ. ಅದನ್ನು ಟ್ಯೂನರಿನ ಮಹಿಮೆಯೆಂದು ನಂಬಿ ಸ್ಪರ್ಧೆಗೆ ಹೋದವನಿಗೆ ಆ ಮಹಿಮೆ ಮಾರನೆಯ ದಿನ ಕಾಣುವುದಿಲ್ಲ. ಟ್ಯೂನರು ಕೆಟ್ಟುಹೋಯಿತೆಂದು ಅವನು ಮತ್ತೆ ತಿರುಗಿಸತೊಡಗುತ್ತಾನೆ. ಈ ಕ್ಷೇತ್ರದಲ್ಲಿ ಹಬ್ಬಿರುವ ಪರಸ್ಪರ ವಿರುದ್ಧವಾದ ಎಷ್ಟೋ ಸಿದ್ಧಾಂತಗಳು ಇಂಥ ಅಲ್ಪ ಸಾಕ್ಷ್ಯದಿಂದ ಹುಟ್ಟಿದುವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇದಕ್ಕಿಂತ ಪ್ರಾಮಾಣಿಕವೂ ಮಿತವ್ಯಯದ್ದೂ ಆದ ಒಂದು ದಾರಿಯಿದೆ. ಗಾಳಿಯಿಲ್ಲದ ಮುಂಜಾನೆಯಲ್ಲಿ, ಅಥವಾ ಒಳಾಂಗಣದ ಗುರಿಶಾಲೆಯಲ್ಲಿ, ಮರಳುಚೀಲಗಳ ಮೇಲೆ ಕೋವಿಯನ್ನಿರಿಸಿ, ಪ್ರತಿ ಗುಂಡಿನ ವೇಗವನ್ನೂ ವೇಗಮಾಪಕದಿಂದ ಅಳೆಯಬೇಕು. ಅದೇ ಗುಂಡು ಹಲಗೆಯ ಮೇಲೆ ಎಷ್ಟು ಎತ್ತರದಲ್ಲಿ ಬಿತ್ತೆಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಬೇಕು. ಎಡಬಲಗಳ ಚೆದರುವಿಕೆಯನ್ನು ಈ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಅದು ಬಹುಮಟ್ಟಿಗೆ ಗಾಳಿಯ ಕೆಲಸ. ಟ್ಯೂನರು ಇಲ್ಲದ ಕೋವಿಯಲ್ಲಿ ವೇಗದ ಗುಂಡುಗಳು ಮೇಲೆ, ನಿಧಾನದವು ಕೆಳಗೆ ಬಿದ್ದಿದ್ದರೆ, ಸಾಲದೆಬಂದ ಪರಿಹಾರವೆಷ್ಟೆಂಬುದು ಕಾಗದದ ಮೇಲೆ ಗೆರೆಯ ಇಳಿಜಾರಾಗಿ ಕಾಣುತ್ತದೆ. ತಿರುಪನ್ನು ಸರಿಸಿದಂತೆ ಆ ಇಳಿಜಾರು ತಗ್ಗುತ್ತಾ ಬಂದು, ಒಂದೆಡೆ ಮಟ್ಟಸವಾಗುತ್ತದೆ. ಅಲ್ಲಿ ವೇಗಕ್ಕೂ ಎತ್ತರಕ್ಕೂ ಸಂಬಂಧವೇ ಉಳಿಯುವುದಿಲ್ಲ. ಅದನ್ನೂ ದಾಟಿ ಸರಿಸಿದರೆ ನಿಧಾನದ ಗುಂಡುಗಳು ಮೇಲಕ್ಕೆ ಹೋಗತೊಡಗುತ್ತವೆ. ಗುಂಪಿನ ಅಗಲವನ್ನಷ್ಟೇ ನೋಡುವವನಿಗೆ ಐದು ಗುಂಡುಗಳಲ್ಲಿ ಎರಡರ ಅಂತರ ಮಾತ್ರ ಸಾಕ್ಷಿಯಾಗುತ್ತದೆ. ಈ ಕ್ರಮದಲ್ಲಿ ಪ್ರತಿಯೊಂದು ಗುಂಡೂ ಸಾಕ್ಷಿ ನುಡಿಯುತ್ತದೆ. ಒಂದು ಗೆರೆಯಲ್ಲಿ ಎಲ್ಲ ಗುಂಡುಗಳನ್ನೂ ಮುಗಿಸಿ ಮುಂದಿನದಕ್ಕೆ ಹೋಗುವುದಕ್ಕೆ ಬದಲಾಗಿ, ಗೆರೆಗಳನ್ನು ಸರದಿಯಂತೆ ಸುತ್ತಿ ಬರುತ್ತಾ ಒಂದೊಂದರಲ್ಲಿಯೂ ಕೆಲವು ಗುಂಡುಗಳನ್ನು ಹೊಡೆಯುವುದು ಒಳ್ಳೆಯದು; ಬಿಸಿಲೇರುವುದರಿಂದಲೂ, ನಳಿಗೆ ಬಿಸಿಯಾಗುವುದರಿಂದಲೂ ಆಗುವ ವ್ಯತ್ಯಾಸ ಆಗ ಎಲ್ಲ ಗೆರೆಗಳಿಗೂ ಸಮನಾಗಿ ಹಂಚಿಹೋಗುತ್ತದೆ.

ಮರಳುಚೀಲದ ಮೇಲೆ ಗೆದ್ದ ಗೆರೆ ಹೆಗಲ ಮೇಲೂ ಗೆಲ್ಲುವುದೆಂದು ಮಾತ್ರ ಭಾವಿಸಕೂಡದು. ಬಿಗಿಯಂತ್ರದಲ್ಲಿ, ಚೀಲದ ಮೇಲೆ, ತೋಳಪಟ್ಟಿಯ ಎಳೆತದಲ್ಲಿ ಕೋವಿ ಒದೆಯುವ ಬಗೆ ಬೇರೆ ಬೇರೆ. ಮಂಡಿಯೂರಿ, ಮಲಗಿ, ನಿಂತು ಎಂಬ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಈ ಕಷ್ಟ ಮೂರುಪಟ್ಟು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಶಾಟೊರೂ ಪಟ್ಟಣದ ಮೈದಾನದಲ್ಲಿ, ಕೊಲ್ಲಾಪುರ ಜಿಲ್ಲೆಯವರೇ ಆದ ಸ್ವಪ್ನಿಲ್ ಕುಸಾಳೆಯವರು ಈ ಮೂರು ಭಂಗಿಗಳ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ 451.4 ಅಂಕಗಳನ್ನು ಗಳಿಸಿ ಕಂಚಿನ ಪದಕವನ್ನು ತಂದರು. ಅಂಥ ಸ್ಪರ್ಧಿಗೆ ನಳಿಗೆಯ ತುದಿಯ ನೂರು ಗ್ರಾಮು ಕಂಪನದ ಪ್ರಶ್ನೆಯಷ್ಟೇ ಅಲ್ಲ, ಸಮತೋಲನದ ಪ್ರಶ್ನೆಯೂ ಹೌದು. ತೂಕ ಮುಂದಕ್ಕೆ ಹೋದಷ್ಟೂ ನಿಂತು ಹಿಡಿದಾಗ ಕೋವಿಯ ತೊನೆದಾಟ ನಿಧಾನವಾಗುತ್ತದೆ. ಆದರೆ ಅತಿಯಾದರೆ ಎಡಗೈಯೂ ಬೆನ್ನೂ ಬೇಗ ದಣಿಯುತ್ತವೆ. ಕಂಪನ ಬಯಸುವ ತೂಕವನ್ನು ದೇಹ ಒಪ್ಪದಿದ್ದರೆ ದೇಹದ ಮಾತನ್ನೇ ಕೇಳಬೇಕು. ಕೆಲವು ದಶಾಂಶಗಳ ಲಾಭಕ್ಕಾಗಿ ನಿಂತ ಭಂಗಿಯಲ್ಲಿ ಪೂರ್ತಿ ಅಂಕಗಳನ್ನು ಕಳೆದುಕೊಳ್ಳುವುದು ವಿವೇಕವಲ್ಲ.

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸುವ ಸಂಪ್ರದಾಯವಿದೆ. ಅಲ್ಲಿಯ ಊರೂರುಗಳಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ .22 ಕೋವಿಗೂ ಒಂದು ಪ್ರತ್ಯೇಕ ವಿಭಾಗವಿರುತ್ತದೆ. ಆ ಸ್ಪರ್ಧೆಗೆ ಟ್ಯೂನರು ಬೇಕೆಂದು ನಾನು ಹೇಳಲಾರೆ. ತೆಂಗಿನಕಾಯಿಯ ಅಗಲದ ಮುಂದೆ ಏಳೂವರೆ ಮಿಲಿಮೀಟರು ಏನೂ ಅಲ್ಲ. ಆದರೆ ಅಲ್ಲಿ ಕೋವಿ ಹಿಡಿದು ಬೆಳೆದ ತರುಣನೋ ತರುಣಿಯೋ ಕಾಗದದ ಗುರಿಯ ಕಡೆಗೆ ತಿರುಗಿದಾಗ, ಹಿಡಿಯ ತಿರುಪುಮೊಳೆಗಳನ್ನು ಸರಿಯಾಗಿ ಬಿಗಿಯುವುದನ್ನೂ, ತನ್ನ ನಳಿಗೆಗೆ ಒಗ್ಗುವ ತೋಟಾದ ತಂಡವನ್ನು ಹುಡುಕುವುದನ್ನೂ ಮೊದಲ ವರ್ಷದಲ್ಲಿ ಕಲಿತು, ಟ್ಯೂನರಿಗೆ ಮೀಸಲಿಟ್ಟ ಹಣವನ್ನು ಆ ವರ್ಷದ ಅಭ್ಯಾಸದ ತೋಟಾಗಳಿಗೆ ವೆಚ್ಚಮಾಡುವುದು ಮೇಲು. ಮಲಗಿ ಹೊಡೆದಾಗ ಎಡಬಲಗಳ ಚೆದರುವಿಕೆ ತಗ್ಗಿ, ಮೇಲುಕೆಳಗಿನ ಚೆದರುವಿಕೆ ಮಾತ್ರ ತಗ್ಗದೆ ನಿಂತುದು ಕಾಣಿಸಿದಾಗ ಟ್ಯೂನರನ್ನು ಕೊಳ್ಳುವ ಕಾಲ ಬಂದಿತೆಂದು ತಿಳಿಯಬಹುದು. ಕೊಂಡು ಗೆರೆಯನ್ನು ನಿಶ್ಚಯಿಸಿದಮೇಲೆ ಬಿಗಿಮೊಳೆಯನ್ನು ಭದ್ರಪಡಿಸಿ, ಸೈಟನ್ನು ಹೊಸದಾಗಿ ಹೊಂದಿಸಿ, ಆ ತಂಡದ ತೋಟಾ ಮುಗಿಯುವವರೆಗೆ ಅದನ್ನು ಮುಟ್ಟದಿರುವುದು ಲೇಸು. ಹೊಸ ತಂಡ ಬಂದಾಗ ವೇಗಮಾಪಕದ ಮುಂದೆ ಮತ್ತೊಮ್ಮೆ ಪರೀಕ್ಷಿಸಿದರಾಯಿತು.